ಬೇಸಿಗೆಯ ರವಿಕೆಯೂ ಪೆಟ್ಟಿಗೆಯೊಳಗಿನ ಕಣವೂ
(ಭಾಂಡುಪಿನಲ್ಲಿ ಕನ್ನಡ ಮಹಿಳೆಯರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವವೆಂದ ಮೇಲೆ ನಾಡು, ನುಡಿ, ಏಕೀಕರಣ ಇವುಗಳ ಮೇಲೆ ಮಾತಾಡುವುದು ವಾಡಿಕೆ. ನಾವಾದರೋ ರವಿಕೆಯ ವಿಷಯವನ್ನು ಎತ್ತಿಕೊಂಡು ನಿಂತಿದ್ದೇವೆ. ಹಿಂದಿನ ಸಾಲಿನಲ್ಲಿ ಕೆಲವು ಮಹನೀಯರು ನಕ್ಕದ್ದು ನಮಗೆ ಕಾಣಿಸಿತು, ನಗಲಿ, ಅಡ್ಡಿಯಿಲ್ಲ. ಆದರೆ ಒಂದು ಮಾತು. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದ ತುಂಡುಗಳನ್ನು 1956ರ ನವೆಂಬರ್ 1ರಂದು ಒಂದಾಗಿ ಕೂಡಿಸಿದ್ದನ್ನೇ ಅಲ್ಲವೆ ನಾವು ಈ ಹೊತ್ತು ಕೊಂಡಾಡುತ್ತಿರುವುದು? ತುಂಡು ಕೂಡಿಸುವ ವಿದ್ಯೆಯ ಮಾತು ಈ ವೇದಿಕೆಗೆ ತೀರ ಹೊರಗಿನದಲ್ಲ.

ಇನ್ನು, ನವೆಂಬರಿನಲ್ಲಿ ಬೇಸಿಗೆಯ ಚಿಂತೆ ಏತಕ್ಕೆ ಎಂದು ಕೇಳಬಹುದು. ಮುಂಬಯಿಗೆ ಬೇಸಿಗೆ ಎರಡು ಸಲ. ಮಾರ್ಚಿನಿಂದ ಮಳೆ ಬೀಳುವ ತನಕ ಒಂದು, ಮಳೆ ಹಿಂದೆಗೆದ ಮೇಲೆ ಅಕ್ಟೋಬರಿನಲ್ಲಿ ಇನ್ನೊಂದು. ಆ ಎರಡನೆಯದನ್ನು ನಾವೆಲ್ಲ ಈಗಷ್ಟೇ ದಾಟಿ ಬಂದಿದ್ದೇವೆ. ಅದರ ನೆನಪು ಬೆನ್ನ ಮೇಲಿನಿಂದ ಇನ್ನೂ ಒಣಗಿಲ್ಲ. ಬಟ್ಟೆ ತಂದು, ನೆನೆಸಿ, ಕತ್ತರಿಸಿ, ಹೊಲಿಯಲು ತಣ್ಣನೆಯ ಡಿಸೆಂಬರ್, ಜನವರಿ ತಿಂಗಳುಗಳೇ ತಕ್ಕವು. ಏಪ್ರಿಲ್ ಬಂದ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂರುವವರಾರು?

‘ನಾವು’ ಎಂದರೆ ಯಾರೆಂದು ಹೇಳಬೇಕಾದದ್ದು ನ್ಯಾಯ. ನಾವು ನಾಲ್ಕೈದು ಮನೆಯ ಹೆಂಗಸರು. ಕೆಲವರು ಕಚೇರಿಗೆ ಹೋಗುವವರು, ಕೆಲವರು ಮನೆಯಲ್ಲಿರುವವರು. ಒಬ್ಬರದು ಉಡುಪಿಯ ಕಡೆ, ಒಬ್ಬರದು ಬಾಗಲಕೋಟೆಯ ಕಡೆ, ಒಬ್ಬರದು ಹಾಸನ. ಒಂದೇ ಉಡುಪಿಗೆ ನಮ್ಮೊಳಗೇ ನಾಲ್ಕು ಹೆಸರು: ಒಬ್ಬರಿಗೆ ರವಿಕೆ, ಒಬ್ಬರಿಗೆ ರವಕೆ, ಒಬ್ಬರಿಗೆ ಕುಪ್ಪಸ, ಮತ್ತೊಬ್ಬರಿಗೆ ಜಂಪರು. ಭಾನುವಾರ ಮಧ್ಯಾಹ್ನ ಒಂದು ಯಂತ್ರದ ಸುತ್ತ ಕೂಡಿ ನಮ್ಮ ರವಿಕೆಗಳನ್ನು ನಾವೇ ಹೊಲಿದುಕೊಳ್ಳುತ್ತೇವೆ. ಆ ಅನುಭವದಿಂದ ನಾಲ್ಕು ಮಾತನ್ನು ಅರಿಕೆಮಾಡಿಕೊಳ್ಳುತ್ತೇವೆ.

ಮೊದಲನೆಯದು ಬಟ್ಟೆಯ ಮಾತು. ನಮ್ಮ ಎಲ್ಲರ ಮನೆಯ ಪೆಟ್ಟಿಗೆಯಲ್ಲಿಯೂ ಒಂದು ಗಂಟು ಇದೆ. ಅರಿಶಿನ ಕುಂಕುಮದಲ್ಲಿ, ಗೃಹಪ್ರವೇಶದಲ್ಲಿ, ಉಡಿ ತುಂಬಿದಾಗ ಬಂದ ಕಣಗಳ ಗಂಟು ಅದು. ಅದನ್ನು ನಾವು ಹೊಲಿಸುವುದಿಲ್ಲ. ಮುಂದಿನ ಹಬ್ಬಕ್ಕೆ ಇನ್ನೊಬ್ಬರಿಗೆ ಕೊಡುತ್ತೇವೆ. ಅವರು ಮತ್ತೊಬ್ಬರಿಗೆ ಕೊಡುತ್ತಾರೆ. ಕೊಟ್ಟ ಕಣವೇ ಎರಡು ವರ್ಷದ ಮೇಲೆ ತಿರುಗಿ ನಮ್ಮ ಮನೆಗೆ ಬಂದ ಉದಾಹರಣೆಯೂ ಇದೆ. ಇದಕ್ಕೆ ಯಾರ ಜಿಪುಣತನವೂ ಕಾರಣವಲ್ಲ. ಆ ತುಂಡು ಸಾಮಾನ್ಯವಾಗಿ ಪಾಲಿಯೆಸ್ಟರಿನದು, ಉದ್ದ ಸಾಲದು, ಹೊಲಿಸಿದರೂ ಈ ಊರಿನ ಹವೆಗೆ ತೊಡಲಾಗದು.

ಏಕೆ ತೊಡಲಾಗದು? ಬಟ್ಟೆಯ ಶಾಸ್ತ್ರ ಬಲ್ಲವರು ಇದನ್ನು ಅಳೆದು ಇಟ್ಟಿದ್ದಾರೆ. ನೂಲು ಗಾಳಿಯಿಂದ ಎಷ್ಟು ತೇವವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳಬಲ್ಲುದು ಎಂಬುದಕ್ಕೆ ಒಂದು ಮಾನವಿದೆ. ಹತ್ತಿಗೆ ಅದು ನೂರಕ್ಕೆ 8.5, ಪಾಲಿಯೆಸ್ಟರಿಗೆ ಕೇವಲ 0.4. ಅಂದರೆ ಬೆವರನ್ನು ಹತ್ತಿ ಕುಡಿಯುತ್ತದೆ, ಪಾಲಿಯೆಸ್ಟರು ಮೈಮೇಲೆಯೇ ಬಿಟ್ಟುಬಿಡುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಠಾಣೆಯ ಖಾರಿ. ನಡುವೆ ಕುಳಿತಿರುವ ನಮ್ಮ ಭಾಂಡುಪಿನಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ ಬೆವರು ತಾನಾಗಿ ಆರುವುದು ಕಷ್ಟ. ಆದ್ದರಿಂದ ಇಲ್ಲಿಯ ರವಿಕೆಗೆ ಎರಡು ಗುಣ ಬೇಕು: ಬಟ್ಟೆ ಹತ್ತಿಯದಾಗಿರಬೇಕು, ಬಟ್ಟೆಗೂ ಮೈಗೂ ನಡುವೆ ಗಾಳಿ ಆಡಲು ಎಡೆ ಇರಬೇಕು. ಮೊದಲನೆಯದನ್ನು ಕೊಳ್ಳಬಹುದು, ಎರಡನೆಯದನ್ನು ಕತ್ತರಿಯಿಂದಲೇ ಪಡೆಯಬೇಕು. ಅಲ್ಲಿಗೆ ನಮೂನೆಯ ಮಾತು ಬಂತು.

ಸೀರೆಯೊಂದಿಗೆ ಇಂದಿನ ರೀತಿಯ ರವಿಕೆ ತೊಡುವ ಪದ್ಧತಿ ಹರಡಿದ್ದರಲ್ಲಿ ನಮ್ಮ ಈ ಮುಂಬಯಿಯ ಪಾಲು ದೊಡ್ಡದು. 1864ರಲ್ಲಿ ರವೀಂದ್ರನಾಥ ಠಾಕೂರರ ಅತ್ತಿಗೆ ಜ್ಞಾನದಾನಂದಿನೀ ದೇವಿಯವರು ಪತಿಯ ಜೊತೆ ಇಲ್ಲಿಗೆ ಬಂದರು. ಇಲ್ಲಿಯ ಪಾರಸಿ ಹೆಂಗಸರ ಉಡುಗೆಯನ್ನು ಕಂಡು, ತಮಗೆ ಬೇಕಾದಂತೆ ಅದನ್ನು ತಿದ್ದಿಕೊಂಡು ಬಂಗಾಳಕ್ಕೆ ಒಯ್ದರು. ಅದಕ್ಕೆ ಒಂದು ವರ್ಷ ಮುಂಚೆ, 1863ರಲ್ಲಿ, ಅಮೆರಿಕದ ಮಸಾಚುಸೆಟ್ಸಿನಲ್ಲಿ ಎಬೆನೆಜರ್ ಬಟರಿಕ್ ಎಂಬ ದರ್ಜಿಯು ಬೇರೆ ಬೇರೆ ಅಳತೆಗೆ ಕತ್ತರಿಸಿದ ಕಾಗದದ ನಮೂನೆಗಳನ್ನು ಮಾರತೊಡಗಿದನು. ಕಂಡದ್ದನ್ನು ನಮಗೆ ತಕ್ಕಂತೆ ತಿದ್ದಿಕೊಳ್ಳುವುದು, ತಿದ್ದಿದ್ದನ್ನು ಕಾಗದದ ಮೇಲೆ ಉಳಿಸಿಕೊಳ್ಳುವುದು, ಮನೆಯ ಹೊಲಿಗೆಗೆ ಈ ಎರಡೇ ಸೂತ್ರ.

ಈಗ ನಮೂನೆಗಳು ಮೊಬೈಲಿನಲ್ಲಿಯೇ ಸಿಕ್ಕುತ್ತವೆ. ಅವನ್ನು ಅಚ್ಚು ಹಾಕಿಸಿದರೆ ಮೂಲೆಯಲ್ಲಿ ಪರೀಕ್ಷೆಗೆಂದು ಒಂದು ಚೌಕವಿರುತ್ತದೆ. ಅಳತೆಪಟ್ಟಿಯಿಂದ ಮೊದಲು ಆ ಚೌಕವನ್ನು ಅಳೆಯತಕ್ಕದ್ದು. ಅದು ಒಂದು ನೂಲಿನಷ್ಟು ಕಡಿಮೆಯಾಗಿದ್ದರೂ ಇಡೀ ರವಿಕೆ ಅದೇ ಪ್ರಮಾಣದಲ್ಲಿ ಚಿಕ್ಕದಾಗುತ್ತದೆ. ಆದರೆ ಪರದೇಶದ ನಮೂನೆಗಳು ಸೀರೆಯ ರವಿಕೆಗಾಗಿ ಬರೆದವಲ್ಲ. ಅವನ್ನು ತಿದ್ದುವುದಕ್ಕಿಂತ ನಮ್ಮ ಮೈಯ ನಮೂನೆಯನ್ನು ನಾವೇ ಬರೆದುಕೊಳ್ಳುವುದು ಸುಲಭ. ಅದಕ್ಕೆ ಹಳೆಯ ದಿನಪತ್ರಿಕೆ ಸಾಕು.

ಎದೆಯ ಸುತ್ತಳತೆ 36 ಇಂಚು ಎಂದು ಹಿಡಿಯೋಣ. ಅದರ ಕಾಲುಭಾಗ 9. ಮೈಗೆ ಅಂಟುವ ರವಿಕೆಗೆ ದರ್ಜಿಯು ಇದಕ್ಕೆ ಕಾಲು ಇಂಚು ಕೂಡಿಸುತ್ತಾನೆ. ಸುತ್ತಲೂ ಸೇರಿ 1 ಇಂಚು ಸಡಿಲ. ಬೇಸಿಗೆಗೆ ನಾವು ಅರ್ಧ ಇಂಚು ಕೂಡಿಸುತ್ತೇವೆ. ಸುತ್ತಲೂ 2 ಇಂಚು ಸಡಿಲ ಸಿಕ್ಕಿತು. ಗಾಳಿ ಆಡುವ ಎಡೆ ಇದೇ. ಪಕ್ಕದ ಹೊಲಿಗೆಗೂ ಮುಂದೆ ಬಿಚ್ಚಿ ದೊಡ್ಡದು ಮಾಡಲಿಕ್ಕೂ ಒಂದೂವರೆ ಇಂಚು. ಒಟ್ಟು 11 ಇಂಚು. ಕತ್ತಿನ ಅಗಲಕ್ಕೆ ಸುತ್ತಳತೆಯ ಹನ್ನೆರಡರಲ್ಲೊಂದು ಪಾಲು, ಅಂದರೆ 3 ಇಂಚು. ತೋಳಕಂಡಿಯ ಆಳಕ್ಕೆ ಆರರಲ್ಲೊಂದು ಪಾಲು ಮತ್ತು 1 ಇಂಚು, ಅಂದರೆ 7. ಉದ್ದ 14, ಮಡಿಕೆಗೆ 1. ಕೂಡುವುದು, ಭಾಗಿಸುವುದು ಬಂದವರಿಗೆಲ್ಲ ಈ ವಿದ್ಯೆ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಂಕುಳಲ್ಲಿ ಬಿಗಿಯಾದರೆ ತೋಳಕಂಡಿಯನ್ನು ಇನ್ನೂ ಕೆಳಗೆ ಕೊರೆಯಬೇಕೆಂದು ಎಲ್ಲರೂ ಎಣಿಸುತ್ತಾರೆ. ಅದು ಸರಿಯಲ್ಲ. ಕಂಡಿ ಕೆಳಗಿಳಿದಷ್ಟೂ ಕೈ ಎತ್ತಿದಾಗ ಇಡೀ ರವಿಕೆ ಮೇಲಕ್ಕೇಳುತ್ತದೆ. ಬೆಳಿಗ್ಗೆಯ ಲೋಕಲಿನಲ್ಲಿ ಮೇಲಿನ ಹಿಡಿಕೆಗೆ ಜೋತುಬಿದ್ದು ನಿಂತವರಿಗೆ ಇದರ ಸಂಕಟ ಗೊತ್ತು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಸೆರಗು. ಇದಕ್ಕೆ ಪರಿಹಾರ ತೋಳಿನಲ್ಲಿದೆ. ತೋಳಿನ ಮೇಲಿನ ಗುಮ್ಮಟದಂಥ ಬಾಗನ್ನು ಒಂದು ಇಂಚು ತಗ್ಗಿಸಿ, ತೋಳನ್ನು ಅಷ್ಟರಮಟ್ಟಿಗೆ ಅಗಲಮಾಡತಕ್ಕದ್ದು. ಆದರೆ ಆ ಬಾಗಿನ ಸುತ್ತಳತೆ ತೋಳಕಂಡಿಯ ಸುತ್ತಳತೆಗೆ ಸರಿಹೋಗುವಂತಿರಬೇಕು. ಅಷ್ಟಕ್ಕೂ ಸಾಲದಿದ್ದರೆ ಕಂಕುಳಲ್ಲಿ 3 ಇಂಚಿನ ಒಂದು ಚೌಕ ತುಂಡನ್ನು ಮೂಲೆಯಾಗಿ ಕೂಡಿಸಬೇಕು. ಇದು ಹೊಸ ಯುಕ್ತಿಯಲ್ಲ. ನಮ್ಮ ಅಜ್ಜಿಯರ ಕುಪ್ಪಸದಲ್ಲಿ ಕಂಕುಳ ತುಂಡು ಇದ್ದೇ ಇತ್ತು. ಅವರು ಬಾವಿಯಿಂದ ನೀರು ಸೇದಿದವರು, ರಾಗಿ ಬೀಸಿದವರು. ಕೈ ಎತ್ತಿ ದುಡಿಯುವವರ ಉಡುಪು ಹೇಗಿರಬೇಕೆಂಬುದು ಅವರಿಗೆ ಗೊತ್ತಿತ್ತು.

ನಮೂನೆ ಬರೆದೊಡನೆ ಹೊಸ ಬಟ್ಟೆಗೆ ಕತ್ತರಿ ಹಾಕಬಾರದು. ಹಳೆಯ ಪಂಚೆಯಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿ ತೊಟ್ಟುನೋಡಬೇಕು. ಕೈ ಎತ್ತಿ, ಬಗ್ಗಿ, ನೆಲದ ಮೇಲೆ ಕೂತು ಎದ್ದು, ಎಲ್ಲಿ ಎಳೆಯುತ್ತದೆ ಎಂಬುದನ್ನು ಗುರುತು ಮಾಡಿ ಕಾಗದವನ್ನು ತಿದ್ದಬೇಕು. ಹತ್ತಿಯ ಬಟ್ಟೆಯನ್ನು ಕತ್ತರಿಸುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಬೇಕು. ಮೀಟರಿಗೆ 3ರಿಂದ 5 ಸೆಂಟಿಮೀಟರಿನವರೆಗೂ ಅದು ಕುಗ್ಗಬಲ್ಲುದು. ತೆಳು ಮಲ್ಮಲ್ ಬಟ್ಟೆಗೆ 11ನೆಯ ನಂಬರಿನ ಸೂಜಿ ಸಾಕು. ಒಳಗೆ ಪೂರಾ ಅಸ್ತರು ಕೊಟ್ಟರೆ ಸೆಕೆ ಇಮ್ಮಡಿ. ಮುಂಭಾಗಕ್ಕೆ ಮಾತ್ರ ಎರಡು ಪದರ ಇಟ್ಟು ಬೆನ್ನು, ತೋಳುಗಳನ್ನು ಒಂದೇ ಪದರವಾಗಿ ಬಿಡುವುದು ಒಳ್ಳೆಯದು.

ಈಗ ಪೆಟ್ಟಿಗೆಯೊಳಗಿನ ಕಣಕ್ಕೆ ತಿರುಗಿ ಬರೋಣ. ಎಲ್ಲ ಕಣವೂ ಪಾಲಿಯೆಸ್ಟರಲ್ಲ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ರವಿಕೆಗೆಂದೇ ನೇಯ್ದ ಬಟ್ಟೆ ಖಣ. ಹೆಚ್ಚುವರಿ ಹಾಸುನೂಲಿನಿಂದ ಮೈಮೇಲೆ ಹೂವು, ಅಂಚಿನಲ್ಲಿ ದಡಿ. ತೇರು, ಆನೆಹೆಜ್ಜೆ, ಸೂಜಿಮಲ್ಲಿಗೆ ಎಂದು ಆ ಚಿತ್ತಾರಗಳಿಗೆ ಹೆಸರು. ಇಳಕಲ್ ಸೀರೆಗೆ ಅದೇ ಜೋಡಿ. ನಮ್ಮ ಮರಾಠಿ ನೆರೆಯವರೂ ಅದನ್ನು ಖಣ ಎಂದೇ ಕರೆದು ಪ್ರೀತಿಯಿಂದ ತೊಡುತ್ತಾರೆ. ಅಂಥ ಖಣವೂ ನಮ್ಮ ಪೆಟ್ಟಿಗೆಯಲ್ಲಿ ಮಡಿಕೆ ಬಿಚ್ಚದೆ ಕೂತಿದೆ. ಪನ್ನ ಕಡಿಮೆ, ಬಟ್ಟೆ ಸಾಲದು, ದಪ್ಪವಾಯಿತು ಎಂದು ದರ್ಜಿಗಳು ಹಿಂದಕ್ಕೆ ಕೊಡುವುದುಂಟು.

ಸಾಲದು ಎಂಬುದನ್ನು ನಾವು ಅಳೆದು ನೋಡಿದೆವು. ಪನ್ನ ಸುಮಾರು 30 ಇಂಚು. ಮೇಲೆ ಹೇಳಿದ ಅಳತೆಯಲ್ಲಿ ಬೆನ್ನಿನ ಭಾಗ 22 ಇಂಚು ಅಗಲ, ಮುಂಭಾಗ ಕೊಂಡಿಪಟ್ಟಿ ಸೇರಿ 24. ಎರಡನ್ನೂ ಒಂದರ ಕೆಳಗೊಂದು ಇಟ್ಟರೆ 15 ಮತ್ತು 15, ಒಟ್ಟು 30 ಇಂಚು ಉದ್ದ. ಎರಡು ತೋಳು ಅಕ್ಕಪಕ್ಕ ಇಟ್ಟರೆ ಇನ್ನು 10 ಇಂಚು. ಪೂರಾ ರವಿಕೆಗೆ 40 ಇಂಚು, ಅಂದರೆ ಒಂದು ಮೀಟರಿಗಿಂತ ತುಸು ಹೆಚ್ಚು. ಕೈಯಲ್ಲಿರುವ ತುಂಡು 80 ಸೆಂಟಿಮೀಟರಿನದಾದರೆ ತೋಳಿಗೆ ಸಾಲುವುದಿಲ್ಲ ಎಂಬುದು ನಿಜ. ಆದರೆ ಬೇಸಿಗೆಗೆ ಪೂರಾ ಖಣವೇ ಏಕೆ ಬೇಕು? ಬೆನ್ನಿನ ಮೇಲ್ಪಟ್ಟಿ, ತೋಳಿನ ತುದಿಯ ದಡಿ, ಕತ್ತಿನ ಅಂಚು ಇಷ್ಟನ್ನು ಖಣದಿಂದ ತೆಗೆದು, ಉಳಿದ ಮೈಯನ್ನು ಮಲ್ಮಲ್ ಅಥವಾ ಕೈಮಗ್ಗದ ತೆಳು ಹತ್ತಿಯಿಂದ ಮಾಡಿದರೆ ಮೈಗೆ ಗಾಳಿ, ಕಣ್ಣಿಗೆ ಖಣ. ಒಂದು ತುಂಡಿನಲ್ಲಿ ಎರಡು ರವಿಕೆಗಳಿಗೆ ಅಲಂಕಾರವಾಗುತ್ತದೆ. ಎರಡು ಬಟ್ಟೆಯನ್ನು ಕೂಡಿಸುವ ಮುಂಚೆ ಎರಡನ್ನೂ ಬೇರೆ ಬೇರೆ ನೆನೆಸಿರಬೇಕು. ಒದ್ದೆ ಬಿಳಿ ಅರಿವೆಯಿಂದ ಖಣವನ್ನು ಉಜ್ಜಿ ಬಣ್ಣ ಬಿಡುತ್ತದೆಯೋ ಎಂದು ಪರೀಕ್ಷಿಸಿರಬೇಕು.

ನಾವು ಹೊಲಿದದ್ದರಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳುತ್ತೇವೆ. ಊರಿನಿಂದ ಮಗನ ಮನೆಗೆ ಬಂದಿದ್ದ ಒಬ್ಬ ಹಿರಿಯರು ಯಾವ ಅರಿಶಿನ ಕುಂಕುಮಕ್ಕೂ ಬರುತ್ತಿರಲಿಲ್ಲ. ಈ ಊರು ಅವರಿಗೆ ಹಿಡಿಸಿಲ್ಲವೆಂದು ಮನೆಯವರು ತಿಳಿದಿದ್ದರು. ನಿಜವೆಂದರೆ ಅವರ ಬಲಭುಜ ಬಿಗಿದುಹೋಗಿತ್ತು. ಇಲ್ಲಿ ಹೊಲಿಸಿದ ಬಿಗಿತೋಳಿನ ರವಿಕೆಗೆ ಕೈ ತೂರಿಸಲು ಸೊಸೆಯ ಸಹಾಯ ಬೇಕು. ಸೊಸೆ ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಹೊರಡುವವಳು. ದಿನವೆಲ್ಲ ಸೆರಗು ಹೊದ್ದು ಒಳಗೇ ಕೂರುತ್ತಿದ್ದರು, ಹೇಳಿಕೊಳ್ಳಲು ನಾಚಿಕೆ. ಅವರ ಪೆಟ್ಟಿಗೆಯಲ್ಲಿದ್ದ ಖಣವನ್ನೇ ತೆಗೆಸಿ, ಅಗಲ ತೋಳು, ಕಂಕುಳ ತುಂಡು, ಮುಂದೆ ಗಂಟು ಕಟ್ಟುವ ಹಳೆಯ ಕುಪ್ಪಸದ ರೀತಿಯಲ್ಲಿ ಹೊಲಿದುಕೊಟ್ಟೆವು. ಕೊಂಡಿ ಒಂದೂ ಇಲ್ಲ. ತೊಟ್ಟುಕೊಂಡು, “ಇದರಾಗ ಕೈ ಆಡತಾವ” ಎಂದರು. ಮುಂದಿನ ಶುಕ್ರವಾರ ತಾವಾಗಿಯೇ ಮೆಟ್ಟಿಲಿಳಿದು ಬಂದರು. ಬೆರಳಿಗೂ ಶಕ್ತಿ ಇಲ್ಲದವರಿಗೆ ಗಂಟಿನ ಬದಲು ದೊಡ್ಡ ಒತ್ತುಗುಂಡಿ ಇಡಬಹುದು. ನಮ್ಮ ಮನೆಗಳಲ್ಲಿ ಇಂಥ ಹಿರಿಯರು ಇನ್ನೆಷ್ಟು ಮಂದಿ ಒಳಗೇ ಕೂತಿದ್ದಾರೋ, ಒಮ್ಮೆ ಕೇಳಿ ನೋಡಿ.

ಕೊನೆಯದಾಗಿ ಒಂದು ಬಿನ್ನಹ. ಬರುವ ಸಂಕ್ರಾಂತಿಯ ಅರಿಶಿನ ಕುಂಕುಮದಿಂದ, ಕೊಡುವ ಕಣ ಹೊಲಿಯಬರುವಂತಿರಲಿ. ಹತ್ತು ಮನೆಗೆ ಹತ್ತು ಪಾಲಿಯೆಸ್ಟರ್ ತುಂಡು ಕೊಡುವ ಬದಲು ಪೂರಾ ಅಳತೆಯ ಹತ್ತಿಯ ಬಟ್ಟೆಯನ್ನೋ ಗುಳೇದಗುಡ್ಡದ ಖಣವನ್ನೋ ಕೊಡೋಣ. ಖರ್ಚು ಹೆಚ್ಚೆನಿಸಿದರೆ ಇಬ್ಬರು ಮೂವರು ಸೇರಿ ಕೊಡಬಹುದು. ನಾವು ಕೊಂಡ ಒಂದೊಂದು ಖಣವೂ ಅಲ್ಲಿ ಮಗ್ಗದ ಮುಂದೆ ಕೂತವರಿಗೆ ಕೆಲಸ. ನೇಯುವವರು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಈಗಾಗಲೇ ಕೂಡಿಬಿದ್ದಿರುವ ಪಾಲಿಯೆಸ್ಟರ್ ತುಂಡುಗಳನ್ನು ಎಸೆಯಬೇಡಿ, ಮುಂದಕ್ಕೂ ದಾಟಿಸಬೇಡಿ; ಹಳೆಯ ಸೀರೆಯ ಮೇಲೆ ಜೋಡಿಸಿ ಕೌದಿ ಹೊಲಿಯಿರಿ.

ಕತ್ತರಿ, ಸೀಮೆಸುಣ್ಣ, ನಮ್ಮ ತಿದ್ದಿದ ನಮೂನೆಗಳು ಎಲ್ಲವೂ ಭಾನುವಾರ ಮಧ್ಯಾಹ್ನ ಸಿದ್ಧವಾಗಿರುತ್ತವೆ. ಬರುವವರು ಒಂದು ಹಳೆಯ ಪಂಚೆಯನ್ನೂ ಪೆಟ್ಟಿಗೆಯ ತಳದ ಒಂದು ಕಣವನ್ನೂ ತನ್ನಿ. ಹೊಲಿಗೆ ಹೆಂಗಸರಿಗೆ ಮಾತ್ರ ಎಂಬ ನಿಯಮ ನಮ್ಮಲ್ಲಿಲ್ಲ; ಆಗ ನಕ್ಕ ಮಹನೀಯರೂ ಬರಬಹುದು, ಗುಂಡಿ ಹಚ್ಚುವುದರಿಂದ ಆರಂಭಿಸೋಣ.