ಒಂದೂವರೆ ಗೇಣಿನ ಲಾರಿ



ಉತ್ತರ ಕನ್ನಡದ ಇಡಗುಂದಿ ಕಡೆಯವರಿಗೆ ಲಾರಿ ಮೊದಲು ಕಾಣಿಸುವುದಿಲ್ಲ, ಕೇಳಿಸುತ್ತದೆ. ಅರಬೈಲು ಘಟ್ಟ ಹತ್ತುವ ಲಾರಿ ತಿರುವಿನಲ್ಲಿ ಗೇರು ಇಳಿಸಿದಾಗ ಸದ್ದು ಒಂದು ಗಳಿಗೆ ಉಡುಗಿ, ಗಂಟಲು ಸರಿಮಾಡಿಕೊಂಡಂತೆ ಮತ್ತೆ ಶುರುವಾಗುತ್ತದೆ. ಮಳೆಗಾಲದ ರಾತ್ರಿ ಹಾಸಿಗೆಯಲ್ಲಿ ಮಲಗಿಯೇ ಅದು ಖಾಲಿ ಗಾಡಿಯೋ ಹೇರಿನ ಗಾಡಿಯೋ ಎಂದು ಹೇಳುವವರು ನಮ್ಮಲ್ಲಿದ್ದರು. ಇವತ್ತು ನಾನು ಹೇಳಹೊರಟಿರುವುದು ಸದ್ದೇ ಮಾಡದ ಲಾರಿಗಳ ಚರಿತ್ರೆ. ಮೇಜಿನ ಮೇಲೆ ನಿಲ್ಲುವ, ಒಂದೂವರೆ ಗೇಣು ಉದ್ದದ, ಆದರೆ ಕಮಾನುಪಟ್ಟಿಯಿಂದ ಹಿಡಿದು ಲಿಂಬೆಹಣ್ಣು–ಮೆಣಸಿನಕಾಯಿಯ ಸರದವರೆಗೆ ಎಲ್ಲವೂ ಇರುವ ಮಾದರಿ ಲಾರಿಗಳು. ಇವನ್ನು ಕಟ್ಟುವುದು ನನ್ನ ಹವ್ಯಾಸ. ಮನೆಯವರು ಇದಕ್ಕೆ ಬೇರೆ ಹೆಸರು ಇಟ್ಟಿದ್ದಾರೆ, ಅದನ್ನು ರೇಡಿಯೋದಲ್ಲಿ ಹೇಳುವಂತಿಲ್ಲ.

ಚಿಕ್ಕ ಬಂಡಿ ಮಾಡುವ ಚಪಲ ಹೊಸದಲ್ಲ. ಹರಪ್ಪ, ಮೊಹೆಂಜೊದಾರೊಗಳಲ್ಲಿ ಸುಟ್ಟ ಮಣ್ಣಿನ ಆಟಿಕೆ ಬಂಡಿಗಳು ಸಿಕ್ಕಿವೆ. ಅವುಗಳಿಗೆ ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು. ಶೂದ್ರಕನ ಮೃಚ್ಛಕಟಿಕಕ್ಕೆ ಹೆಸರು ಬಂದದ್ದು ಒಬ್ಬ ಹುಡುಗನ ಮಣ್ಣಿನ ಬಂಡಿಯಿಂದ. ಅವನಿಗೆ ಬೇಕಾಗಿದ್ದದ್ದು ಪಕ್ಕದ ಮನೆಯವರ ಚಿನ್ನದ ಬಂಡಿ. ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನಾವೆಲ್ಲ ಐವತ್ತು ರೂಪಾಯಿ ನೋಟಿನ ಹಿಂದೆ ನೋಡುತ್ತೇವೆ. ಅದು ಓಡಲಿಕ್ಕೆ ಮಾಡಿದ್ದಲ್ಲ, ಗರುಡನ ಗುಡಿ. ಆದರೂ ಶಿಲ್ಪಿ ಮರದ ರಥದ ಗಾಲಿ, ಅಚ್ಚುಗಳನ್ನು ಕಲ್ಲಿನಲ್ಲಿ ಬಿಡಿಸಿಟ್ಟ. ಹೊರೆ ಹೊರದ ಅಚ್ಚಿಗೆ ಯಾಕಪ್ಪ ಅಷ್ಟು ಕೆಲಸ? ಮಾದರಿ ಕಟ್ಟುವವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ನಮ್ಮ ದಾರಿಗೆ ಬರೋಣ. ಊರಿನ ರಸ್ತೆಯಲ್ಲಿ ಯಾವ ಹೇರು ಹೋಗುತ್ತದೋ ಅದೇ ಹೇರು ಮಕ್ಕಳ ಆಟಿಕೆಯಲ್ಲೂ ಹೋಗುತ್ತದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಆ ಹತ್ತಿ ಕುಮಟೆಯ ಬಂದರಿನಿಂದ ಹೋಗುತ್ತಿದ್ದುದರಿಂದ ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ, ಕುಮಟೆಯಲ್ಲಿ ಒಂದು ಗಿಡ ಬೆಳೆಯದಿದ್ದರೂ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರಿನ ಲೆಕ್ಕಾಚಾರವಿತ್ತು. ಘಟ್ಟದ ದಾರಿಗಳಲ್ಲಿ ಎತ್ತಿನ ಬಂಡಿಗಳ ಸಾಲು ಇಳಿಯಿತು. ಮುಂದೆ 1880ರ ದಶಕದಲ್ಲಿ ಮರ್ಮಗೋವಾಕ್ಕೆ ರೈಲು ಬಂದು ಆ ಹೇರನ್ನು ತನ್ನ ಕಡೆ ಎಳೆದುಕೊಂಡಿತು.

ಲಾರಿಗಳ ಕಾಲ ಬಂದದ್ದು ಆಮೇಲೆ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್–ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟಲು ತೊಡಗಿದರು. ಒಪ್ಪಂದ 1969ರಲ್ಲಿ ಮುಗಿದು ಮೂತಿಯ ಮೇಲಿನ ಬೆಂಜ್ ನಕ್ಷತ್ರ ಹೋಯಿತು. ಜನರ ಬಾಯಿಂದ ಮಾತ್ರ ‘ಬೆಂಜ್ ಲಾರಿ’ ಹೋಗಲಿಲ್ಲ. ಆ ಬಾನೆಟ್ಟಿನ ಲಾರಿಗಳು ಯಲ್ಲಾಪುರದ ಕಾಡಿನಿಂದ ನಾಟಾ ಹೊತ್ತವು. 1959ರಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾದ ಮೇಲೆ ಬಿದಿರು ಹೊತ್ತವು. ನಮ್ಮ ಆಟದ ಲಾರಿಗೂ ಅದೇ ಹೇರು: ಬೆಂಕಿಪೊಟ್ಟಣದ ಕ್ಯಾಬಿನ್ನು, ಹಳೇ ಹವಾಯಿ ಚಪ್ಪಲಿ ಕತ್ತರಿಸಿದ ಗಾಲಿ, ಅಡಿಕೆ ಹಾಳೆಯ ತೊಟ್ಟಿ, ಹಿಂದೆ ಬಿದಿರಿನ ಬದಲು ಹಿಡಿಕಡ್ಡಿಯ ಕಟ್ಟು.

ಬೆಂಕಿಪೊಟ್ಟಣ ಎಂದೆನಲ್ಲ, ಅದಕ್ಕೆ ಇಂಗ್ಲೆಂಡಿನಲ್ಲೂ ಒಂದು ಕಥೆಯಿದೆ. ಲಂಡನ್ನಿನ ಲೆಸ್ನಿ ಕಂಪನಿಯ ಜಾಕ್ ಓಡೆಲ್‌ರ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವಷ್ಟೇ ದೊಡ್ಡ ಆಟಿಕೆ ತರಬಹುದಿತ್ತಂತೆ. ಅಪ್ಪ ಹಿತ್ತಾಳೆಯಲ್ಲಿ ಒಂದು ಪುಟ್ಟ ರೋಡ್ ರೋಲರ್ ಮಾಡಿಕೊಟ್ಟ. ಅದರಿಂದ 1953ರಲ್ಲಿ ಮ್ಯಾಚ್‌ಬಾಕ್ಸ್ ಗಾಡಿಗಳು ಹುಟ್ಟಿದವು. ಅಲ್ಲಿ ಲಾರಿ ಪೊಟ್ಟಣದೊಳಗೆ, ನಮ್ಮಲ್ಲಿ ಪೊಟ್ಟಣವೇ ಲಾರಿ. ಅದಕ್ಕೂ ಮೊದಲು, 1930ರ ದಶಕದಲ್ಲಿ, ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯ ಮೆಕಾನೋ ಕಂಪನಿ ಡಿಂಕಿ ಎಂಬ ಎರಕದ ಗಾಡಿಗಳನ್ನು ತಂದಿತ್ತು. ಆಟಿಕೆ ರೈಲಿನ ಪಕ್ಕ ನಿಲ್ಲಿಸಲೆಂದು ಹುಟ್ಟಿದ ಗಾಡಿಗಳಿವು. ಬಿಡಿಭಾಗ ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಕಿಟ್ಟಿನ ಕಥೆ ಇನ್ನೂ ಸ್ವಾರಸ್ಯದ್ದು: 1949ರಲ್ಲಿ ಫರ್ಗ್ಯುಸನ್ ಟ್ರ್ಯಾಕ್ಟರಿನವರು ತಮ್ಮ ಮಾರಾಟಗಾರರ ಕೈಗೆ ಕೊಡಲೆಂದು ಏರ್‌ಫಿಕ್ಸ್ ಕಂಪನಿಯಿಂದ ಒಂದು ಮಾದರಿ ಮಾಡಿಸಿದರು. ಅದನ್ನೇ ಬಿಡಿಬಿಡಿಯಾಗಿ ಡಬ್ಬಿಗೆ ಹಾಕಿ ಮಾರಿದಾಗ ಒಂದು ಹವ್ಯಾಸವೇ ಬೆಳೆಯಿತು. ಆಮೇಲೆ ಅಮೆರಿಕದ ಲಾರಿಗಳು 25ಕ್ಕೆ ಒಂದರ ಅಳತೆಯಲ್ಲಿ, ಯುರೋಪಿನವು 24ಕ್ಕೆ ಒಂದರ ಅಳತೆಯಲ್ಲಿ ಡಬ್ಬಿಗಳಲ್ಲಿ ಬಂದವು.

ಡಿಂಕಿಯ ಕೆಲವು ಅಚ್ಚುಗಳು 1960ರ ದಶಕದ ಕೊನೆಗೆ ಕಲ್ಕತ್ತೆಗೆ ಬಂದು ‘ನಿಕ್ಕಿ’ ಆದದ್ದುಂಟು. ಅವು ಇಡಗುಂದಿಗೆ ಬರಲಿಲ್ಲ. ನಮ್ಮ ಆಟಿಕೆಯಂಗಡಿ ಎಂದರೆ ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬೆಯ ಜಾತ್ರೆ. ಅಲ್ಲಿ ತಗಡಿನ, ಮರದ ಲಾರಿಗಳು ಸಿಗುತ್ತಿದ್ದವು. ಹಾಂ, ಶಿರಸಿ–ಸಿದ್ದಾಪುರದ ಗುಡಿಗಾರರನ್ನು ಇಲ್ಲಿ ನೆನೆಯಲೇಬೇಕು. ಗಂಧದ ಕೊರಡಿನಲ್ಲಿ ಬೆರಳುಗುರಿನಷ್ಟು ಜಾಗದಲ್ಲಿ ಬಳ್ಳಿ, ಹಕ್ಕಿ, ಆನೆ ಬಿಡಿಸುವ ಕೈಗಳು ಅವು. ಅವರೇ ಬೆಂಡಿನಲ್ಲಿ ಮದುವೆಯ ಬಾಸಿಂಗ ಮಾಡುತ್ತಾರೆ. ಇವತ್ತು ಕೇರಳದಲ್ಲೂ ನಮ್ಮಲ್ಲೂ ಹುಡುಗರು ಸರಕಾರಿ ಬಸ್ಸು, ಲಾರಿಗಳ ಮಾದರಿ ಕಟ್ಟುವುದು ಫೋಮ್ ಹಾಳೆಯಲ್ಲಿ: ಹಗುರ, ಬ್ಲೇಡಿಗೆ ಬಾಗುತ್ತದೆ, ಬಣ್ಣ ಹಿಡಿಯುತ್ತದೆ. ಬೆಂಡಿನ ಗುಣವೂ ಇದೇ ಅಲ್ಲವೇ?

ವಿದೇಶದ ಕಿಟ್ಟು ತರಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ನನ್ನ ಕೈಗೆ ಬಂದ ಯಾವ ಡಬ್ಬಿಯಲ್ಲೂ ನಮ್ಮ ಟಾಟಾ ಇರಲಿಲ್ಲ, ಲೇಲ್ಯಾಂಡ್ ಇರಲಿಲ್ಲ. ಇದ್ದಿದ್ದರೂ ಉಪಯೋಗ ಅಷ್ಟಕ್ಕಷ್ಟೆ. ಯಾಕೆಂದರೆ ಬಹುಕಾಲ ನಮ್ಮ ಲಾರಿ ಕಾರ್ಖಾನೆಯಿಂದ ಪೂರ್ತಿಯಾಗಿ ಹೊರಬರುತ್ತಲೇ ಇರಲಿಲ್ಲ. ಬರುತ್ತಿದ್ದದ್ದು ಚಾಸಿ, ಎಂಜಿನ್ನು, ಮುಂದೊಂದು ಮುಖವಾಡದಂಥ ತಗಡು. ಡ್ರೈವರ್ ಬಯಲಲ್ಲಿ, ತಲೆಗೊಂದು ಮಫ್ಲರ್ ಸುತ್ತಿಕೊಂಡು ಕೂತು ಅದನ್ನು ಓಡಿಸಿಕೊಂಡು ಬಾಡಿ ಕಟ್ಟುವವರ ಶೆಡ್ಡಿಗೆ ತರುತ್ತಿದ್ದ. ಅಲ್ಲಿ ಬಡಗಿ ಮರದ ಚೌಕಟ್ಟು ನಿಲ್ಲಿಸಿ, ತಗಡು ಹೊಡೆದು ಕ್ಯಾಬಿನ್ನು, ಡಾಲಾ ಕಟ್ಟುತ್ತಿದ್ದ. ಪೇಂಟರು ಬಂದು ಮಾಲೀಕನ ಮನೆದೇವರು, ಮಕ್ಕಳ ಹೆಸರು, ಹಿಂದೆ ‘ಹಾರ್ನ್ ಓಕೆ ಪ್ಲೀಸ್’ ಬರೆಯುತ್ತಿದ್ದ. ತಮಿಳುನಾಡಿನ ನಾಮಕ್ಕಲ್ಲಿನಲ್ಲಿ ಕಟ್ಟಿದ ಬಾಡಿಯನ್ನು ಬಲ್ಲವರು ದೂರದಿಂದಲೇ ಗುರುತಿಸುತ್ತಾರೆ. ಹೀಗಾಗಿ ಒಂದೇ ನಂಬರಿನ ಎರಡು ಟಾಟಾ ಅಕ್ಕಪಕ್ಕ ನಿಂತರೂ ಅಣ್ಣತಮ್ಮ ಆದಾವೇ ಹೊರತು ಅವಳಿಜವಳಿ ಅಲ್ಲ. ಅಚ್ಚಿನಲ್ಲಿ ಸುರಿದು ತೆಗೆದ ಪ್ಲಾಸ್ಟಿಕ್ಕಿಗೆ ಇದು ದಕ್ಕುವುದಿಲ್ಲ. ಮಾದರಿ ಕಟ್ಟುವವನೂ ಬಡಗಿಯೇ ಆಗಬೇಕು.

ಲೆಕ್ಕ ಸರಳ. ಹಳೇ ಟಾಟಾ 1613ರ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 4.2 ಮೀಟರ್. 24ರಿಂದ ಭಾಗಿಸಿದರೆ ಹದಿನೇಳೂವರೆ ಸೆಂಟಿಮೀಟರ್. ಟಯರು ನಾಲ್ಕು ಸೆಂಟಿಮೀಟರಿಗೆ ತುಸು ಮೇಲೆ, ಡ್ರೈವರ್ ನಿಂತರೆ ಏಳು. ಕಷ್ಟ ಇರುವುದು ಅಳತೆ ತೆಗೆಯುವುದರಲ್ಲಿ. ಚಹಾದಂಗಡಿಯ ಮುಂದೆ ನಿಂತ ಲಾರಿಗೆ ನಾನು ಟೇಪು ಹಿಡಿದರೆ ಕ್ಲೀನರ್ ಓಡಿಬಂದು ‘ಆರ್‌ಟಿಓದವ್ರಾ ಸಾಹೇಬ್ರ?’ ಎಂದು ಕೇಳುತ್ತಾನೆ. ಅಲ್ಲ, ಆಟಿಕೆ ಮಾಡ್ಲಿಕ್ಕೆ ಎಂದರೆ ಅನುಮಾನ ಇನ್ನೂ ಹೆಚ್ಚಾಗುತ್ತದೆ. ಕೊನೆಗೆ ಒಬ್ಬ ಡ್ರೈವರಣ್ಣ ತಾನೇ ಟೇಪಿನ ಇನ್ನೊಂದು ತುದಿ ಹಿಡಿದ. ಹಿಡಿದವನು ಹೇಳಿದ: ‘ಡಾಲಾದ ಎಡಗಡೆ ಉಜ್ಜಿದ್ದನ್ನೂ ಹಾಕ್ರಿ, ಅದು ಅರಬೈಲಿಂದು.’ ಆವರೆಗೆ ನಾನು ಹೊಸ ಲಾರಿಗಳನ್ನೇ ಕಟ್ಟುತ್ತಿದ್ದೆ. ಘಟ್ಟ ಹತ್ತಿದ ಲಾರಿ ಹೊಸದಾಗಿರುವುದಿಲ್ಲ ಎಂಬುದು ಅವನಿಂದ ಗೊತ್ತಾಯಿತು. ಈಗ ಗಾಲಿಗೆ ಅಡ್ಡ ಕೊಡುವ ಮರದ ತುಂಡು, ಬಿಗಿದ ತಾಡಪತ್ರಿಯ ಹರಿದ ಮೂಲೆ, ಸೈಲೆನ್ಸರಿನ ಮಸಿ ಇಲ್ಲದೆ ನನ್ನ ಲಾರಿ ಮೇಜು ಬಿಡುವುದಿಲ್ಲ.

ಅತಿ ಕಷ್ಟ ಕೊಟ್ಟದ್ದು ಅದಿರಿನ ಲಾರಿ. 2000ದ ನಂತರ ಚೀನಾ ಅದಿರು ಕೊಳ್ಳತೊಡಗಿದಾಗ ಬಳ್ಳಾರಿ–ಹೊಸಪೇಟೆಯಿಂದ ಬೇಲೇಕೇರಿ, ಕಾರವಾರಗಳಿಗೆ ಲಾರಿಗಳು ಹಗಲೂ ರಾತ್ರಿ ಇಳಿದವು. ಆಗ ನಮ್ಮ ಘಟ್ಟದ ರಸ್ತೆ ರಾಷ್ಟ್ರೀಯ ಹೆದ್ದಾರಿ 63, ಈಗ 52. ರಸ್ತೆ ಬದಿಯ ಮರ, ಮನೆ, ಹೊರಗೆ ಒಣಹಾಕಿದ ಪಂಚೆ ಎಲ್ಲ ಕೆಂಪು. ಆ ಬಣ್ಣಕ್ಕೆ ಮೊದಲು ನಮ್ಮ ಅಂಗಳದ ಕೆಮ್ಮಣ್ಣನ್ನೇ ಅರಿವೆಯಲ್ಲಿ ಸೋಸಿ ಬಳಿದೆ. ಸುಳ್ಳೆನಿಸಿತು. ಕೆಮ್ಮಣ್ಣಿನ ಕೆಂಪಿನಲ್ಲಿ ಹಳದಿಯಿದೆ, ಅದಿರಿನದರಲ್ಲಿ ಕಪ್ಪಿದೆ. ಒಂದು ಚಿಟಿಕೆ ದೀಪದ ಮಸಿ ಬೆರೆಸಿದ ಮೇಲೆ ಸರಿಹೋಯಿತು. ಮಗ ಅದನ್ನು ನೋಡಿದವನೇ ಮೂಗು ಮುಚ್ಚಿಕೊಂಡ! 2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿತು. ಬೇಲೇಕೇರಿಯಲ್ಲಿ ಜಪ್ತಿ ಮಾಡಿದ್ದ ಅದಿರು ಕಾಣೆಯಾದ ಪ್ರಕರಣ ಎಲ್ಲರಿಗೂ ಗೊತ್ತು. ಮುಂದೆ ಎಷ್ಟೋ ಮಳೆ ಸುರಿದು ಮರಗಳು ಹಸಿರಾದವು. ನನ್ನ ಕಪಾಟಿನ ಲಾರಿ ಮಾತ್ರ ಇನ್ನೂ ಕೆಂಪಗಿದೆ. ಒರೆಸಬಾರದೆಂದು ಮನೆಯಲ್ಲಿ ಹೇಳಿಟ್ಟಿದ್ದೇನೆ.

2021ರ ಜುಲೈ ಮಳೆಯಲ್ಲಿ ಘಟ್ಟ ಕುಸಿದು ರಸ್ತೆ ನಿಂತಾಗ ಊರು ಮೌನವಾಗಿತ್ತು. ಆ ದಿನಗಳಲ್ಲಿ ಎರಡು ಲಾರಿ ಕಟ್ಟಿ ಮುಗಿಸಿದೆ, ಕಿವಿಗೆ ಮಾತ್ರ ಏನೋ ಕೊರತೆ.

ಈಗ ಕೈಯಲ್ಲಿರುವುದು ಹೊಸ ಕಾಲದ ಲಾರಿ. ಕ್ಯಾಬಿನ್ನೂ ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುವುದರಿಂದ ಬಡಗಿಗೆ ಕೆಲಸ ಕಡಿಮೆ. 2025ರಲ್ಲಿ ಜಾರಿಯಾದ ನಿಯಮದಂತೆ ಹೊಸದಾಗಿ ತಯಾರಾಗುವ ಭಾರೀ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ಡ್ರೈವರಣ್ಣನಿಗೆ ತಂಪಾಗಲಿ, ಅಷ್ಟು ಬಿಸಿ ಕುಡಿದಿದ್ದಾನೆ. ನನ್ನ ತೊಡಕು ಬೇರೆ. ಇಲ್ಲಿಯವರೆಗೆ ನನ್ನ ಎಲ್ಲ ಲಾರಿಗಳಲ್ಲೂ ಡ್ರೈವರ್ ಬಲ ಮೊಣಕೈಯನ್ನು ಕಿಟಕಿಯಿಂದ ಹೊರಗೆ ಚಾಚಿ ಕೂತಿದ್ದಾನೆ. ಈ ಲಾರಿಗೆ ಗಾಜು ಏರಿಸಬೇಕು. ಗೊಂಬೆ ಆಗಲೇ ಕೆತ್ತಿ ಆಗಿದೆ, ಕೈ ಹೊರಗೇ ಇದೆ. ನಿನ್ನೆ ರಾತ್ರಿಯಿಡೀ ಅರ ಹಿಡಿದು ಕೂತಿದ್ದೆ, ಇನ್ನೂ ಕತ್ತರಿಸಿಲ್ಲ.