ಸಿಯೆನಾದ ರೊಟ್ಟಿ: ಪರಮಪ್ರಸಾದದ ಅದ್ಭುತಗಳು ಮತ್ತು ವಿಶ್ವಾಸ



ಪರಮಪ್ರಸಾದದ ಅದ್ಭುತ ಎಂದೊಡನೆ ನಮ್ಮವರ ಬಾಯಿಗೆ ಬರುವುದು ಇಟಲಿಯ ಲಾಂಚಾನೊ. ಎಂಟನೇ ಶತಮಾನದಲ್ಲಿ, ಶಂಕೆಯಿಂದ ನರಳುತ್ತಿದ್ದ ಸನ್ಯಾಸಿ ಗುರುವೊಬ್ಬರು ಪೂಜೆ ಅರ್ಪಿಸುತ್ತಿದ್ದಾಗ ರೊಟ್ಟಿ ಮಾಂಸವಾಯಿತು, ದ್ರಾಕ್ಷಾರಸ ರಕ್ತವಾಯಿತು ಎಂಬುದು ಅಲ್ಲಿನ ಪರಂಪರೆ. 1970–71ರಲ್ಲಿ ಒದೊವಾರ್ದೊ ಲಿನೋಲಿ ಎಂಬ ವೈದ್ಯ ಪ್ರಾಧ್ಯಾಪಕರು ಪರೀಕ್ಷಿಸಿ, ಅದು ಹೃದಯದ ಸ್ನಾಯು, ರಕ್ತದ ಗುಂಪು ಎಬಿ ಎಂದು ವರದಿ ಕೊಟ್ಟರು. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ವಿಶ್ವಾಸ ಬಲಗೊಳ್ಳುವ ಬಗೆ ಯಾವುದು ಎಂದು ಕೇಳಿದರೆ ನಾನು ಅದೇ ಇಟಲಿಯ ಸಿಯೆನಾದ ಕಡೆ ಕೈತೋರಿಸುತ್ತೇನೆ. ಅಲ್ಲಿ ಮಾಂಸವಿಲ್ಲ, ರಕ್ತವಿಲ್ಲ.

1730ರ ಆಗಸ್ಟ್ 14, ಸ್ವರ್ಗಸ್ವೀಕೃತ ಮಾತೆಯ ಹಬ್ಬದ ಹಿಂದಿನ ದಿನ. ಊರಿಗೆ ಊರೇ ಹಬ್ಬದ ಪ್ರಾರ್ಥನೆಗೆ ಹೋಗಿದ್ದಾಗ ಸಂತ ಫ್ರಾನ್ಸಿಸರ ದೇವಾಲಯಕ್ಕೆ ಕಳ್ಳರು ನುಗ್ಗಿದರು. ಪ್ರಸಾದ ತುಂಬಿದ್ದ ಪಾತ್ರೆಯನ್ನೇ ಹೊತ್ತೊಯ್ದರು. ಮೂರು ದಿನ ಕಳೆದ ಮೇಲೆ, ಪ್ರೊವೆಂಜಾನೊ ಮಾತೆಯ ದೇವಾಲಯದಲ್ಲಿ ಪ್ರಾರ್ಥಿಸುತ್ತಿದ್ದವರೊಬ್ಬರಿಗೆ ಕಾಣಿಕೆ ಡಬ್ಬಿಯ ಬಾಯಲ್ಲಿ ಬೆಳ್ಳಗೆ ಏನೋ ಕಂಡಿತು. ತೆರೆದರೆ ಧೂಳು, ಜೇಡರಬಲೆ, ನಡುವೆ ಸಿಕ್ಕಿಕೊಂಡ ಪ್ರಸಾದ. ಎಣಿಸಿದರು. ಇಡಿಯವು 348, ಅರ್ಧದವು 6. ಕಳುವಾಗಿದ್ದು 351, ಲೆಕ್ಕ ಸರಿಹೋಯಿತು.

ಬಲೆ ಬಿಡಿಸಿ, ಧೂಳು ಒರೆಸಿ, ಮೆರವಣಿಗೆಯಲ್ಲಿ ತಂದರು. ಕೊಳೆಯಾಗಿದ್ದರಿಂದ ಸೇವಿಸದೆ, ತಾವಾಗಿಯೇ ಕರಗಿಹೋಗಲಿ ಎಂದು ಇಟ್ಟುಬಿಟ್ಟರು. ಕರಗಲಿಲ್ಲ. 1914ರಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಸಿರೊ ಗ್ರಿಮಾಲ್ದಿ ಪರೀಕ್ಷಿಸಿದಾಗ ಅವು ಹುಳಿ ಹಾಕದ ಗೋಧಿ ಹಿಟ್ಟಿನ ರೊಟ್ಟಿಗಳೇ ಆಗಿದ್ದವು, ಕೆಟ್ಟಿರಲಿಲ್ಲ. ಈಗ ಉಳಿದಿರುವವು 223.

ರೊಟ್ಟಿಯ ರೂಪ ಇರುವಷ್ಟು ಕಾಲ ಕ್ರಿಸ್ತರ ಸಾನ್ನಿಧ್ಯ ಅದರಲ್ಲಿದೆ, ರೂಪ ಅಳಿದರೆ ಅದೂ ಇಲ್ಲ ಎಂಬುದು ಧರ್ಮಸಭೆಯ ಬೋಧನೆ. ಸಿಯೆನಾದ ಅದ್ಭುತ ಈ ಬೋಧನೆಯ ಒಳಗೇ ನಿಂತಿದೆ. ಅಲ್ಲಿ ಕಣ್ಣಿಗೆ ಹೊಸದೇನೂ ಕಾಣುವುದಿಲ್ಲ. ಪ್ರತಿ ಭಾನುವಾರ ನಮ್ಮ ಬಲಿಪೀಠದ ಮೇಲೆ ಕಾಣುವುದೇ ಕಾಣುತ್ತದೆ. ಹಾಗಾದರೆ ಮಾಂಸವಾಗಿ ಕಂಡದ್ದನ್ನು ಏನೆನ್ನಬೇಕು? ಸಂತ ಥಾಮಸ್ ಅಕ್ವಿನಾಸ್ ತಮ್ಮ ಸುಮ್ಮಾ ಗ್ರಂಥದಲ್ಲಿ ಇದೇ ಪ್ರಶ್ನೆ ಎತ್ತಿಕೊಂಡಿದ್ದಾರೆ. ಕ್ರಿಸ್ತರ ನಿಜರೂಪ ಸ್ವರ್ಗದಲ್ಲಿ ಮಾತ್ರ ಕಾಣುವಂಥದ್ದು. ಇಲ್ಲಿ ಕಾಣುವುದು ಸಾನ್ನಿಧ್ಯದ ಸತ್ಯವನ್ನು ಸಾರಲು ದೇವರು ತೋರಿದ ಗುರುತು ಎಂಬುದು ಅವರ ಉತ್ತರದ ತಿರುಳು. ಅದ್ಭುತಗಳ ಪರ ಹೇಳಿದ ಮಾತುಗಳಲ್ಲಿ ಇಷ್ಟು ಎಚ್ಚರದ, ಇಷ್ಟು ಭಕ್ತಿಯ ಮಾತು ನನಗೆ ಬೇರೆ ಗೊತ್ತಿಲ್ಲ.

ವಿಶ್ವಾಸದ ನೆಲೆ ಸಾಧಾರಣ ರೊಟ್ಟಿಯೇ ಎಂಬುದನ್ನು ಇಟಲಿಯ ಬೊಲ್ಸೇನಾದ ಸಂಗತಿಯೂ ತೋರಿಸುತ್ತದೆ. 1263ರಲ್ಲಿ, ಶಂಕೆಯಲ್ಲಿದ್ದ ಪ್ರಾಗಿನ ಪೀಟರ್ ಎಂಬ ಗುರು ಪೂಜೆ ಮಾಡುವಾಗ ಪ್ರಸಾದದಿಂದ ಬಲಿಪೀಠದ ಬಟ್ಟೆಯ ಮೇಲೆ ರಕ್ತ ತೊಟ್ಟಿಕ್ಕಿತೆಂದು ಹೇಳುತ್ತಾರೆ. ಆ ಬಟ್ಟೆ ಇಂದು ಒರ್ವಿಯೆತೊ ಪ್ರಧಾನಾಲಯದಲ್ಲಿದೆ. ಮರುವರ್ಷವೇ ನಾಲ್ಕನೇ ಅರ್ಬನ್ ಪೋಪರು ಕ್ರಿಸ್ತರ ಶರೀರದ ಹಬ್ಬವನ್ನು ಇಡೀ ಧರ್ಮಸಭೆಗೆ ಘೋಷಿಸಿದರು. ಆ ಆಜ್ಞಾಪತ್ರದಲ್ಲಿ ಬೊಲ್ಸೇನಾದ ಹೆಸರೇ ಇಲ್ಲ! ಹಬ್ಬ ದಿನನಿತ್ಯದ ಪರಮಪ್ರಸಾದಕ್ಕೆ ಸಂದಿತು. ಮಂಗಳೂರಿನಲ್ಲಿ ಪ್ರತಿವರ್ಷ ಜನವರಿಯಲ್ಲಿ ಮಿಲಾಗ್ರಿಸ್ ಚರ್ಚಿನಿಂದ ರೊಸಾರಿಯೊ ಕೆಥೆಡ್ರಲ್‌ಗೆ ಸಾವಿರಾರು ಜನ ಮೆರವಣಿಗೆಯಲ್ಲಿ ನಡೆಯುವುದೂ ಅದೇ ಸಾಧಾರಣ ಬಿಳಿ ರೊಟ್ಟಿಯ ಹಿಂದೆ.

ಧರ್ಮಸಭೆ ಒಪ್ಪಿದ ಅದ್ಭುತವನ್ನೂ ನಂಬಲೇಬೇಕೆಂಬ ಕಟ್ಟಳೆ ಕಥೋಲಿಕರಿಗಿಲ್ಲ. ಈ ಸ್ವಾತಂತ್ರ್ಯ ನನಗೆ ಬಹಳ ಅಮೂಲ್ಯ. ಶಂಕೆಯಲ್ಲಿರುವವರಿಗೆ ನಾವು ಲಾಂಚಾನೊದ ವರದಿಯನ್ನು ಮುಂದೊಡ್ಡಿ ಬಾಯಿ ಮುಚ್ಚಿಸಬಾರದು. ಪೂಜೆಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಲಾಂಚಾನೊದ ಆ ಗುರುವೂ, ಪೀಟರರೂ ಶಂಕೆಯಿದ್ದಾಗಲೂ ಪೂಜೆ ಬಿಟ್ಟವರಲ್ಲ.

ಜಗತ್ತಿನ ಪರಮಪ್ರಸಾದದ ಅದ್ಭುತಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕಲೆಹಾಕಿದ ಹುಡುಗ ಕಾರ್ಲೊ ಅಕುತಿಸ್ 2006ರಲ್ಲಿ, ಹದಿನೈದರ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ. ಏಳನೇ ವಯಸ್ಸಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಿದಂದಿನಿಂದ ಅವನು ದಿನವೂ ಪೂಜೆಗೆ ಹೋಗುತ್ತಿದ್ದ. ಅದ್ಭುತಗಳ ಪಟ್ಟಿ ಮಾಡಲು ಕೂತದ್ದು ಆಮೇಲೆ.