ಸ್ವಾರ್ಜಿತ ವಿದ್ಯೆ



ಆಧುನಿಕ ಸಮಾಜದಲ್ಲಿ ಬೌದ್ಧಿಕ ಜೀವನವೂ ಸ್ವಾವಲಂಬನೆಯೂ ಕ್ಷೀಣಿಸುತ್ತಿರುವ ವಿಚಾರವಾಗಿ ಮಾತನಾಡಬೇಕೆಂದು ಈ ದತ್ತಿಯ ವ್ಯವಸ್ಥಾಪಕರು ನನಗೆ ಅಪ್ಪಣೆ ಮಾಡಿದ್ದಾರೆ. ಇಂಥ ವಿಷಯವನ್ನು ವಯಸ್ಸಾದವರ ಕೈಗೆ ಒಪ್ಪಿಸುವುದರಲ್ಲಿ ಒಂದು ಅಪಾಯವುಂಟು. ತಮ್ಮ ಯೌವನ ಕಳೆದುಹೋದುದನ್ನೇ ಲೋಕದ ಅವನತಿಯೆಂದು ಭ್ರಮಿಸುವುದು ವಾರ್ಧಕ್ಯದ ಸಹಜ ದೌರ್ಬಲ್ಯ. ಆದಕಾರಣ ಎದುರುಪಕ್ಷದ ಬಲವಾದ ಸಾಕ್ಷ್ಯವನ್ನು ಮೊದಲಿಗೇ ನಿಮ್ಮ ಮುಂದಿಡುತ್ತೇನೆ. 1901ರ ಜನಗಣತಿಯ ಕಾಲಕ್ಕೆ ಭಾರತದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಆರು ಮಂದಿಯೂ ಇರಲಿಲ್ಲ. 2011ರ ಗಣತಿಯಲ್ಲಿ ಕರ್ನಾಟಕದ ಸಾಕ್ಷರರ ಪ್ರಮಾಣ ಶೇಕಡ 75ನ್ನು ದಾಟಿತ್ತು. 1916ರಲ್ಲಿ ಮೈಸೂರಿನಲ್ಲಿ ಒಂದು ವಿಶ್ವವಿದ್ಯಾನಿಲಯ ಸ್ಥಾಪಿತವಾದದ್ದು ಇಡೀ ನಾಡಿಗೆ ಸಂಭ್ರಮದ ಸಂಗತಿಯಾಗಿತ್ತು. ಈಗ ಜಿಲ್ಲೆಗೊಂದು ವಿಶ್ವವಿದ್ಯಾನಿಲಯವಿದ್ದರೂ ಸಾಲದೆನ್ನುತ್ತೇವೆ. ಇಷ್ಟೆಲ್ಲ ಬೆಳೆದಿರುವಾಗ ಕ್ಷೀಣಿಸಿದ್ದು ಏನು?

ನಾನು ಹೇಳಬೇಕೆಂದಿರುವುದು ಒಂದೇ ಮಾತು. ತನ್ನ ಬುದ್ಧಿಗೆ ಬೇಕಾದ ಆಹಾರವನ್ನು ತಾನೇ ಆರಿಸಿಕೊಳ್ಳಬೇಕು, ಅದರ ವೆಚ್ಚವನ್ನು ತಾನೇ ಭರಿಸಬೇಕು, ರುಚಿಸದಿದ್ದರೆ ಬೇಡವೆಂದು ತಾನೇ ತಳ್ಳಬೇಕು ಎಂಬ ಹಟವೊಂದು ಈ ನಾಡಿನ ಸಾಮಾನ್ಯ ಓದುಗನಲ್ಲಿ ಇದ್ದಿತು, ಅದು ಸಡಿಲಿದೆ. ಪಂಡಿತರು ಆಗಲೂ ಇದ್ದರು, ಈಗಲೂ ಇದ್ದಾರೆ. ನನ್ನ ಚಿಂತೆ ಪಂಡಿತರದಲ್ಲ.

ಗಳಗನಾಥರ ಕಥೆಯನ್ನು ನೀವೆಲ್ಲರೂ ಕೇಳಿರುತ್ತೀರಿ. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು, 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಆ ಮಹಾಶಯರು ಶಾಲೆಯಲ್ಲಿ ಮಾಸ್ತರಿಕೆ ಮಾಡಿದರು, ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದರು, ‘ಮಾಧವ ಕರುಣಾ ವಿಲಾಸ’ವೇ ಮೊದಲಾದ ಕಾದಂಬರಿಗಳನ್ನು ರಚಿಸಿದರು, ರಚಿಸಿ, ಅಚ್ಚುಹಾಕಿಸಿ, ಆ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರಿಂದೂರಿಗೆ ನಡೆದು ಮಾರಿದರು. ನಮ್ಮ ವೇದಿಕೆಗಳಲ್ಲಿ ಇದನ್ನು ಲೇಖಕನ ತ್ಯಾಗಕ್ಕೆ ನಿದರ್ಶನವಾಗಿ ಹೇಳುವ ವಾಡಿಕೆ ಬೆಳೆದಿದೆ. ತ್ಯಾಗವೇನೋ ನಿಜ. ಆದರೆ ಆ ಗಂಟು ಯಾರ ಮನೆಯ ಜಗುಲಿಯ ಮೇಲೆ ಬಿಚ್ಚಿಕೊಂಡಿತು, ಯಾರು ಅದರೊಳಗಿನ ಪುಸ್ತಕವನ್ನು ತಿರುವಿ ನೋಡಿ, ಬೆಲೆ ಕೇಳಿ, ಒಳಗೆ ಹೋಗಿ ದುಡ್ಡು ತಂದುಕೊಟ್ಟರು ಎಂಬುದನ್ನು ಯಾವ ಭಾಷಣಕಾರನೂ ಕೇಳಿದಂತಿಲ್ಲ. ಮಳೆಯನ್ನೇ ನೆಚ್ಚಿದ ಧಾರವಾಡ ಸೀಮೆಯ ಹಳ್ಳಿಗಳಲ್ಲಿ, ಮರಾಠಿಯ ಪ್ರಾಬಲ್ಯದ ನಡುವೆ, ಕನ್ನಡ ಬಲ್ಲವನಿಗೆ ಸರಕಾರದಿಂದಾಗಲಿ ಸಮಾಜದಿಂದಾಗಲಿ ಯಾವ ವಿಶೇಷ ಮರ್ಯಾದೆಯೂ ದೊರೆಯದಿದ್ದ ಕಾಲದಲ್ಲಿ, ಶಾನಭೋಗನೋ ಕಿರಾಣಿ ಅಂಗಡಿಯವನೋ ಊರ ಮಾಸ್ತರನೋ ಒಂದು ಕಾದಂಬರಿಯನ್ನು ಕೊಂಡಿರಬೇಕು; ಕೊಳ್ಳದಿದ್ದರೆ ಗಳಗನಾಥರು ಎರಡನೆಯ ಸಲ ಗಂಟು ಹೊರುತ್ತಿರಲಿಲ್ಲ. ಲೇಖಕನ ಹೆಸರು ಚರಿತ್ರೆಗೆ ಸೇರಿತು. ಕೊಂಡವನು ಅನಾಮಧೇಯನಾಗಿ ಉಳಿದನು. ಈ ಉಪನ್ಯಾಸವು ಆ ಅನಾಮಧೇಯನನ್ನು ಕುರಿತದ್ದು.

ಅವನನ್ನು ನೆಚ್ಚಿಯೇ ನಮ್ಮಲ್ಲಿ ದೊಡ್ಡ ಸಾಹಸಗಳು ನಡೆದವು. ನಂಜನಗೂಡಿನ ತಿರುಮಲಾಂಬಾ ಅವರು ಬಾಲ್ಯದಲ್ಲಿಯೇ ವೈಧವ್ಯವನ್ನು ಅನುಭವಿಸಿ, ಮನೆಯ ನಾಲ್ಕು ಗೋಡೆಗಳ ನಡುವೆ ಓದು ಕಲಿತು, ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನೂ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರಿಂದ ಮುಂಗಡವಾಗಿ ವರ್ಷದ ಹಣವನ್ನು ಪಡೆದು ವರ್ಷದ ಪುಸ್ತಕಗಳನ್ನು ಅವರ ಮನೆಗೆ ಕಳುಹಿಸುತ್ತಿತ್ತು. ಈ ವ್ಯವಸ್ಥೆಯ ಗುಣವನ್ನು ಸ್ವಲ್ಪ ನಿಂತು ನೋಡಬೇಕು. ಚಂದಾದಾರನು ಬರಲಿರುವ ಪುಸ್ತಕ ಯಾವುದೆಂದು ತಿಳಿಯದೆಯೇ ಹಣ ಕಟ್ಟಿದ್ದಾನೆ. ಆದ್ದರಿಂದ ಪ್ರಕಾಶಕನು ಹೊಸಬನ ಕೃತಿಯನ್ನು ಅಚ್ಚುಮಾಡುವ ಧೈರ್ಯವನ್ನು ತಾಳಬಲ್ಲನು. ಆದರೆ ಮುಂದಿನ ವರ್ಷ ಚಂದಾ ನಿಲ್ಲಿಸುವ ಅಧಿಕಾರವೂ ಚಂದಾದಾರನ ಕೈಯಲ್ಲಿಯೇ ಉಂಟು. ಆದ್ದರಿಂದ ಪ್ರಕಾಶಕನು ಮನಬಂದದ್ದನ್ನೆಲ್ಲ ಅಚ್ಚುಮಾಡಲಾರನು. ವಿಶ್ವಾಸವೂ ಅಂಕುಶವೂ ಒಂದೇ ಮನಿಯಾರ್ಡರಿನಲ್ಲಿ ಅಡಗಿದ್ದುವು. ಗ್ರಂಥಮಾಲೆಯ ಕಚೇರಿಯಿದ್ದ ಸುಭಾಷ್ ರಸ್ತೆಯ ಪ್ರಸಿದ್ಧ ಅಟ್ಟದಿಂದ ಹೊರಬಂದ ಪುಸ್ತಕಗಳಲ್ಲಿ ಆಗಿನ್ನೂ ಹೆಸರಾಗದ ಒಬ್ಬ ತರುಣನ ‘ಯಯಾತಿ’ಯೂ ಒಂದು. 1961ರ ಸಾಮಾನ್ಯ ಚಂದಾದಾರನು ಗಿರೀಶ ಕಾರ್ನಾಡ ಎಂಬ ಹೆಸರನ್ನು ಕೇಳಿ ಆ ಪುಸ್ತಕವನ್ನು ತರಿಸಿದವನಲ್ಲ.

ಶಿವರಾಮ ಕಾರಂತರನ್ನು ಈ ಪ್ರಸಂಗದಲ್ಲಿ ಬಿಡುವಂತಿಲ್ಲ. ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದು, ಪದವಿಯ ಗೊಡವೆಗೆ ಹೋಗದೆ, ಪುತ್ತೂರಿನಲ್ಲಿ ಕುಳಿತು, ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿಯೂ ಅನಂತರ ‘ವಿಜ್ಞಾನ ಪ್ರಪಂಚ’ವನ್ನು ನಾಲ್ಕು ಸಂಪುಟಗಳಲ್ಲಿಯೂ ಒಬ್ಬರೇ ಬರೆದರು. ವಿದ್ವಾಂಸರ ಮಂಡಲಿ, ಸಲಹಾಸಮಿತಿ, ಉಪಸಮಿತಿಗಳಿಲ್ಲದೆ ವಿಶ್ವಕೋಶವೊಂದು ಹುಟ್ಟೀತೆ ಎಂದು ಇಂದಿನವರು ಕೇಳಿಯಾರು. ಅದರಲ್ಲಿ ತಪ್ಪುಗಳಿಲ್ಲವೆ? ಒಬ್ಬನೇ ಮನುಷ್ಯನು ನಕ್ಷತ್ರದಿಂದ ಜೀವಾಣುವಿನವರೆಗೆ ಬರೆದರೆ ತಪ್ಪುಗಳು ನುಸುಳದೆ ಇರಲಾರವು. ಆದರೂ, ತಜ್ಞನು ಒಪ್ಪಿಗೆ ಕೊಡುವವರೆಗೆ ಲೋಕವನ್ನು ಅರಿಯಲು ನನಗೆ ಅಧಿಕಾರವಿಲ್ಲ ಎಂದು ತಿಳಿಯುವ ಮನೋಭಾವಕ್ಕಿಂತ ಆ ಉದ್ಧಟತನವೇ ನನಗೆ ಹಿತವಾಗಿ ತೋರುತ್ತದೆ. ಮೆಟ್ರಿಕ್ಯುಲೇಷನ್ನನ್ನೂ ದಾಟದ ಡಿ. ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. 1970ರಲ್ಲಿ ಜನರು ಒಂದು ಲಕ್ಷ ರೂಪಾಯಿಯ ನಿಧಿಯನ್ನು ಅವರಿಗೆ ಅರ್ಪಿಸಿದಾಗ ಅದನ್ನು ಆ ಸಂಸ್ಥೆಗೇ ಕೊಟ್ಟುಬಿಟ್ಟರು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಾನು ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಗಳಗನಾಥರ ಗಂಟು ಬಿಚ್ಚಿಕೊಂಡ ಜಗುಲಿಯ ಮೇಲೆ ಕುಳಿತುಕೊಳ್ಳಲು ಊರಿನ ಎಲ್ಲರಿಗೂ ಹಕ್ಕಿರಲಿಲ್ಲ. ಹಿಂದಿನವರ ಬೌದ್ಧಿಕ ಸ್ವಾವಲಂಬನೆಯನ್ನು ಹೊಗಳುವವರು ಅದರ ಬಾಗಿಲಲ್ಲಿ ತಡೆದು ನಿಲ್ಲಿಸಲ್ಪಟ್ಟವರನ್ನು ಮರೆಯುವುದು ಅನ್ಯಾಯ. ಆದರೆ ಆ ತಡೆಯಲ್ಪಟ್ಟವರೇ ಮುಂದೆ ಏನು ಮಾಡಿದರೆಂಬುದು ನನ್ನ ವಾದವನ್ನು ಇನ್ನಷ್ಟು ಪುಷ್ಟೀಕರಿಸುತ್ತದೆ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯು ಊರೂರಿನಲ್ಲಿ ಬೇರೂರಿದಾಗ, ಹೋರಾಟದ ಜೊತೆಗೇ ಅಧ್ಯಯನ ಶಿಬಿರಗಳು ನಡೆದುವು, ‘ಪಂಚಮ’ ಪತ್ರಿಕೆ ಹೊರಟಿತು. ಹಾಸ್ಟೆಲಿನ ಹುಡುಗರು ಕಾಸು ಕೂಡಿಸಿ ಕೊಂಡ ಪತ್ರಿಕೆಯೊಂದು ಹತ್ತು ಕೈ ದಾಟಿ ಹರಿಯುವವರೆಗೆ ಓದಿಸಿಕೊಳ್ಳುತ್ತಿತ್ತು. 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ಯಾದರೋ ಜಾಹೀರಾತನ್ನೇ ಮುಟ್ಟದೆ, ಕೇವಲ ಓದುಗರ ದುಡ್ಡಿನಿಂದ, ಮುಖ್ಯಮಂತ್ರಿಗಳನ್ನೂ ನಿದ್ದೆಗೆಡಿಸುವಷ್ಟು ಬಲವನ್ನು ಪಡೆಯಿತು. ಅದರ ಭಾಷೆಯ ಒರಟುತನದ ಬಗ್ಗೆ ನನಗೆ ತಕರಾರುಂಟು. ಅದು ಬದುಕಿದ ಬಗೆಯಲ್ಲಿ ಯಾವ ತಕರಾರೂ ಇಲ್ಲ.

ಈಗ ಕ್ಷಯದ ವಿಚಾರಕ್ಕೆ ಬರುತ್ತೇನೆ. ದೂರದರ್ಶನವನ್ನೂ ಮೊಬೈಲನ್ನೂ ದೂಷಿಸುವುದು ಸುಲಭ; ಕೇಳಿದೊಡನೆ ಉತ್ತರ ಹೇಳುವ ಯಂತ್ರ ಅಂಗೈಯಲ್ಲಿರುವಾಗ ಮಗ್ಗಿಯಾಗಲಿ ಅಮರಕೋಶವಾಗಲಿ ಯಾರಿಗೆ ಬೇಕು ಎಂಬ ಪ್ರಲಾಪವನ್ನು ಸಭೆ ಸಭೆಯಲ್ಲಿಯೂ ಕೇಳಿದ್ದೇವೆ. ನನಗೆ ಮುಖ್ಯವಾಗಿ ತೋರುವ ಕಾರಣ ಅದಕ್ಕಿಂತ ಹಿಂದಿನದು, ಅದಕ್ಕಿಂತ ಸದುದ್ದೇಶದ್ದು. 1965ರಲ್ಲಿ ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳ ಶಾಸನ ಬಂದಿತು. ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಸೂಲು ಮಾಡಿ, ಜನರ ಹಣದಿಂದಲೇ ಜನರಿಗೆ ಪುಸ್ತಕ ಒದಗಿಸುವ ಆ ಕಲ್ಪನೆ ಉದಾತ್ತವಾದದ್ದು, ದೇಶದಲ್ಲಿಯೇ ಮುಂಚೂಣಿಯದು. ಬಡವನ ಮಗನು ಕಾಸಿಲ್ಲದೆ ಓದಬಲ್ಲವನಾದನು. ಆದರೆ ಆ ಕಲ್ಪನೆಯ ಗರ್ಭದಿಂದ ಸಗಟು ಖರೀದಿ ಎಂಬ ಇನ್ನೊಂದು ವ್ಯವಸ್ಥೆ ಹುಟ್ಟಿತು. ಸಮಿತಿಯೊಂದು ಆಯ್ಕೆ ಮಾಡಿದ ಪುಸ್ತಕದ 300 ಪ್ರತಿಗಳನ್ನು ಇಲಾಖೆಯು ಕೊಳ್ಳುವುದು. ಬೆಲೆಯನ್ನು ಪುಟಕ್ಕೆ ಇಷ್ಟೆಂದು ಕಟ್ಟುವುದು. ಕನ್ನಡದ ಅನೇಕ ಪುಸ್ತಕಗಳಿಗೆ ಈ 300 ಪ್ರತಿಗಳೇ ಪ್ರಾಣಾಧಾರವಾದುವು. ಕೆಲವಕ್ಕಂತೂ ಅಷ್ಟೇ ಆಯುಷ್ಯ.

ಇದರ ಪರಿಣಾಮವನ್ನು ಪ್ರಕಾಶಕರ ಮಳಿಗೆಗೆ ಹೋಗಿ ನೋಡಬೇಕು. ಪುಟದ ಲೆಕ್ಕದಲ್ಲಿ ಬೆಲೆ ಬರುವುದೆಂದಾದ ಮೇಲೆ ಅಕ್ಷರ ದಪ್ಪವಾಗುತ್ತದೆ, ಸಾಲುಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಬಿಡುತ್ತಾರೆ, ಮುನ್ನುಡಿ, ಬೆನ್ನುಡಿ, ಹಾರೈಕೆ, ಅರ್ಪಣೆಗಳು ಸೇರಿ ಅರವತ್ತು ಪುಟದ ಸರಕು ನೂರಿಪ್ಪತ್ತು ಪುಟವಾಗುತ್ತದೆ. ಲೇಖಕನು ಬಿಲ್ಲಿನ ಬೆನ್ನು ಹತ್ತಿ ಕಚೇರಿಗೆ ಅಲೆಯುತ್ತಾನೆ. ಓದುಗನನ್ನು ಅರಸಿ ಅವನು ಎಲ್ಲಿಗೂ ಹೋಗಬೇಕಾಗಿಲ್ಲ. ಇತ್ತ ಶಾಖಾ ಗ್ರಂಥಾಲಯದ ಚಿತ್ರವನ್ನು ಕಣ್ಣೆದುರು ತಂದುಕೊಳ್ಳಿ. ಮುಂಗಟ್ಟಿನ ಮೇಜಿನ ಮೇಲೆ ದಿನಪತ್ರಿಕೆಯ ಹಾಳೆಗಳು ಬಿಡಿಬಿಡಿಯಾಗಿ ನಾಲ್ಕು ಮಂದಿಯ ಕೈಯಲ್ಲಿ ಹಂಚಿಹೋಗಿವೆ. ಇನ್ನೊಂದು ಮೂಲೆಯಲ್ಲಿ ಯುವಕ ಯುವತಿಯರು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಮುಳುಗಿದ್ದಾರೆ. ಗೋಡೆಯ ಉದ್ದಕ್ಕೂ ಬೀಗ ಹಾಕಿದ ಗಾಜಿನ ಕಪಾಟುಗಳಲ್ಲಿ ಹೊಸ ಪುಸ್ತಕಗಳು ಬಂದ ದಿನದ ಹೊಳಪನ್ನು ಹಾಗೆಯೇ ಉಳಿಸಿಕೊಂಡಿವೆ. ತೆಗೆದುಕೊಂಡ ತಾರೀಖನ್ನು ಒತ್ತಲು ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ಒಂದು ಮುದ್ರೆಯೂ ಇಲ್ಲ. ಇದು ಗ್ರಂಥಪಾಲಕನ ಸೋಮಾರಿತನವೆಂದು ನಾನು ಹೇಳಲಾರೆ; ಆ ಪುಸ್ತಕಗಳನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ, ಕೊಳ್ಳುವ ಮೊದಲು ಆ ಊರನ್ನು ಯಾರೂ ಕೇಳಿಯೂ ಇರಲಿಲ್ಲ.

ಗಳಗನಾಥರಿಂದ ಪುಸ್ತಕ ಕೊಂಡವನ ಮೊಮ್ಮಗನು ಹೀಗೆ ಫಲಾನುಭವಿಯಾಗಿದ್ದಾನೆ. ಅವನು ಕರ ಕಟ್ಟುತ್ತಾನೆ, ಆದರೆ ಕಟ್ಟುತ್ತಿರುವುದು ಅವನಿಗೆ ಗೊತ್ತಿಲ್ಲ. ಅವನಿಗಾಗಿ ಪುಸ್ತಕ ಬರುತ್ತದೆ, ಬಂದದ್ದೂ ಗೊತ್ತಿಲ್ಲ. ಹಿರಿಯನು ಬೇಡವೆಂದು ಗಂಟನ್ನು ಹಿಂದಕ್ಕೆ ಕಳುಹಿಸಬಲ್ಲವನಾಗಿದ್ದನು. ಇವನಿಗೆ ಬೇಡವೆನ್ನುವ ಸಂದರ್ಭವೇ ಒದಗುವುದಿಲ್ಲ. ವಿಮರ್ಶೆಯೆಂಬುದು ಮೊದಲಿಗೆ ಹುಟ್ಟುವುದು ಪತ್ರಿಕೆಗಳಲ್ಲಲ್ಲ, ಕೊಟ್ಟ ದುಡ್ಡು ದಂಡವಾಯಿತೆಂಬ ಕೊಳ್ಳುಗನ ಸಿಟ್ಟಿನಲ್ಲಿ. ಆ ಸಿಟ್ಟು ಬತ್ತಿದ ಮೇಲೆ ಕನ್ನಡದಲ್ಲಿ ಕೆಟ್ಟ ಪುಸ್ತಕವೆಂಬುದೇ ಇಲ್ಲವಾಯಿತು. ಬಿಡುಗಡೆಯ ಸಮಾರಂಭಗಳಲ್ಲಿ ಎಲ್ಲವೂ ಮಹತ್ತ್ವದ ಕೃತಿಗಳೇ.

ವಿದ್ಯಾಲಯಗಳ ವಿಚಾರವನ್ನು ಬೆಳೆಸುವುದಿಲ್ಲ. ಅಧ್ಯಾಪಕನು ತಾನು ವಿದ್ಯಾರ್ಥಿಯಾಗಿದ್ದಾಗ ಬರೆದುಕೊಂಡ ನೋಟ್ಸನ್ನು ತಾನೇ ಬರೆಯಿಸುವುದು, ಅದು ಜೆರಾಕ್ಸ್ ಅಂಗಡಿಯ ಮೂಲಕ ಮುಂದಿನ ತಲೆಮಾರಿಗೆ ದಾಟುವುದು, ಮೂಲ ಗ್ರಂಥವನ್ನು ಕಣ್ಣಿಂದ ಕಾಣದೆಯೇ ಎಂ.ಎ. ಪದವಿ ಕೈಸೇರುವುದು, ಇವೆಲ್ಲವೂ ನಿಮಗೆ ನನಗಿಂತ ಚೆನ್ನಾಗಿ ತಿಳಿದಿವೆ. ವ್ಯವಹಾರಶಾಸ್ತ್ರದಲ್ಲಿ ಪಿತ್ರಾರ್ಜಿತ, ಸ್ವಾರ್ಜಿತ ಎಂದು ಆಸ್ತಿಯನ್ನು ವಿಂಗಡಿಸುತ್ತಾರೆ. ಈ ನೋಟ್ಸು ಎರಡೂ ಅಲ್ಲ.

ನಮ್ಮ ದತ್ತಿ ಉಪನ್ಯಾಸಗಳೂ ಈ ದೋಷದಿಂದ ಮುಕ್ತವಲ್ಲವೆಂದು ಇಲ್ಲಿಯೇ ನಿಂತು ಹೇಳುವುದು ಅವಿನಯವಾದರೂ ಹೇಳಬೇಕಾಗಿದೆ. ದಾನಿಗಳು ಶ್ರದ್ಧೆಯಿಂದ ಇಟ್ಟ ಮೂಲಧನದ ಬಡ್ಡಿಯಿಂದ ಶಾಲು, ಹಾರ, ಪ್ರಯಾಣವೆಚ್ಚಗಳು ಸಂದಾಯವಾಗುತ್ತವೆ. ಉಪನ್ಯಾಸ ಚೆನ್ನಾಗಿರಲಿ ಬಿಡಲಿ, ಮುಂದಿನ ವರ್ಷವೂ ಅದು ನಡೆದೇ ತೀರುತ್ತದೆ. ಸಭಾಂಗಣ ತುಂಬದಿದ್ದರೆ ಪಕ್ಕದ ಕಾಲೇಜಿನಿಂದ ಮಕ್ಕಳನ್ನು ಕರೆತಂದು ಕೂರಿಸುವ ಉಪಾಯವಿದೆ. ಹಿಂದಿನ ಸಾಲುಗಳಲ್ಲಿ ಕುಳಿತು ಗಡಿಯಾರ ನೋಡುತ್ತಿರುವ ತರುಣರ ಮೇಲೆ ನನಗೆ ಕೋಪವಿಲ್ಲ, ಅವರು ತಾವಾಗಿ ಬಂದವರಲ್ಲ.

ತಾವಾಗಿ ಬರುವವರು ಇಲ್ಲವೇ ಇಲ್ಲವೆಂದಲ್ಲ. ಸಾಗರದ ಸಮೀಪದ ಹೆಗ್ಗೋಡಿನಲ್ಲಿ 1949ರಲ್ಲಿ ಅಡಕೆ ಬೆಳೆಗಾರರು ಸೇರಿ ಕಟ್ಟಿದ ನೀನಾಸಮ್, ಕೆ. ವಿ. ಸುಬ್ಬಣ್ಣನವರ ದೀರ್ಘ ಪರಿಶ್ರಮದಿಂದ ರಂಗಶಿಕ್ಷಣಕ್ಕೂ ನಾಟಕಗಳ ತಿರುಗಾಟಕ್ಕೂ ಹೆಸರಾಯಿತು. ಚಿತ್ರಸಮಾಜದ ಮೂಲಕ ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ಹಳ್ಳಿಯವರ ಮುಂದೆ ತಂದು ನಿಲ್ಲಿಸಿತು. ಅಲ್ಲಿನ ಸಂಸ್ಕೃತಿ ಶಿಬಿರಕ್ಕೆ ಶುಲ್ಕ ತೆತ್ತು, ರಜೆ ಹಾಕಿ, ಬಸ್ಸು ಹಿಡಿದು ಬರುವ ಬ್ಯಾಂಕಿನ ಗುಮಾಸ್ತನೂ ಪ್ರೌಢಶಾಲೆಯ ಉಪಾಧ್ಯಾಯಿನಿಯೂ ರಾತ್ರಿಯ ನಾಟಕವನ್ನು ಮರುದಿನ ಬೆಳಗ್ಗೆ ನಿರ್ದಾಕ್ಷಿಣ್ಯವಾಗಿ ಟೀಕಿಸುವುದುಂಟು. ನಾನು ಹೇಳುತ್ತಿರುವ ಓದುಗನ ವಂಶದವರು ಇವರೇ.

ಗ್ರಂಥಾಲಯಗಳನ್ನು ಮುಚ್ಚಿ ಎಲ್ಲರೂ ಚಂದಾ ಕಟ್ಟಿರೆಂದು ನಾನು ಹೇಳುತ್ತಿಲ್ಲ; ಅದು ಬಡವರಿಗೆ ಬಾಗಿಲು ಹಾಕಿದಂತಾದೀತು. ಆದರೆ ಪ್ರತಿ ಶಾಖಾ ಗ್ರಂಥಾಲಯದ ವರ್ಷದ ಹಣದಲ್ಲಿ ಅರ್ಧವನ್ನಾದರೂ ಆ ಶಾಖೆಯ ಸದಸ್ಯರೇ ಸಭೆ ಸೇರಿ, ಜಗಳವಾಡಿ, ಆರಿಸಿದ ಪುಸ್ತಕಗಳಿಗೆ ವ್ಯಯಿಸತಕ್ಕದ್ದೆಂಬ ಒಂದು ನಿಯಮವನ್ನು ಮಾಡಬಾರದೇಕೆ? ಈ ಸಲಹೆಯನ್ನು ಹಿಂದೊಮ್ಮೆ ಇಲಾಖೆಯ ನಿವೃತ್ತ ಅಧಿಕಾರಿಯೊಬ್ಬರ ಮುಂದಿಟ್ಟಾಗ ಅವರು ನಕ್ಕು, “ಎಲ್ಲರೂ ಎಫ್‌ಡಿಎ ಪರೀಕ್ಷೆಯ ಗೈಡನ್ನೇ ಕೇಳುತ್ತಾರೆ ಸ್ವಾಮಿ” ಎಂದರು. ಮೊದಲನೆಯ ವರ್ಷ ಕೇಳಲಿ. ಎರಡನೆಯ ವರ್ಷವೂ ಕೇಳಲಿ. ಕೇಳುವ ಅಭ್ಯಾಸವಾದವನು ಮೂರನೆಯ ವರ್ಷ, ಪಕ್ಕದ ಊರಿನ ಶಾಖೆಯಲ್ಲಿ ಕಾರಂತರ ಸಂಪುಟಗಳಿವೆಯಂತೆ, ನಮ್ಮಲ್ಲೇಕಿಲ್ಲ ಎಂದು ಗ್ರಂಥಪಾಲಕನನ್ನು ತರಾಟೆಗೆ ತೆಗೆದುಕೊಳ್ಳುವ ಸಂಭವವುಂಟು; ಇಂದಿನ ಏರ್ಪಾಡಿನಲ್ಲಿ ಆ ಸಂಭವವೂ ಇಲ್ಲ.